ಅಳತೆ ರವಿಕೆ

ಕಮ್ಮರಡಿ ಬಸ್‌ಸ್ಟ್ಯಾಂಡಿನ ಎದುರು, ಗೊಬ್ಬರದ ಅಂಗಡಿಗೂ ಕೃಷ್ಣಪ್ಪನ ಬೀಡಾ ಅಂಗಡಿಗೂ ನಡುವೆ, ಒಂದು ಹೊಲಿಗೆ ಯಂತ್ರ ಮತ್ತು ಒಂದು ಮೇಜು ಹಿಡಿಯುವಷ್ಟು ಜಾಗವಿದೆ. ಅಲ್ಲಿ ಮಲ್ಲಿಕಾ ಇಪ್ಪತ್ತೆರಡು ವರ್ಷಗಳಿಂದ ರವಿಕೆ ಹೊಲಿಯುತ್ತಿದ್ದಾಳೆ. ಈ ಸಲದ ಅಕ್ಟೋಬರ್ ಶುರುವಿನಲ್ಲಿ ಅಲ್ಲಿಗೊಂದು ಗೋಣಿಚೀಲ ಬಂತು. ಒಳಗೆ ಹಳೆಯ ರವಿಕೆಗಳು, ಮೇಲೊಂದು ಥಾನು ಗುಲಾಬಿ ಬಟ್ಟೆ. ಕೊಪ್ಪದ ಮಹಿಳಾ ಮಂಡಳಿಯ ಅಧ್ಯಕ್ಷೆ, ಇದೇ ಊರಿನ ರಾಧಮ್ಮ ಕಳಿಸಿದ್ದು. ಸ್ತನ ಕ್ಯಾನ್ಸರ್ ಜಾಗೃತಿ ಜಾಥಾದಲ್ಲಿ ಮಂಡಳಿಯ ನಲವತ್ತು ಹೆಂಗಸರೂ ಒಂದೇ ಬಣ್ಣದ ರವಿಕೆ ತೊಡಬೇಕು, ಹದಿನೈದು ದಿನದಲ್ಲಿ ಎಲ್ಲ ಆಗಬೇಕು.

"ನಲವತ್ತೊಂದು," ಎಂದು ರಾಧಮ್ಮ ಫೋನಿನಲ್ಲಿ ತಿದ್ದಿದರು. "ನಿಂದೂ ಒಂದು ಸೇರಿಸ್ಕೋ ಮಾರಾಯ್ತಿ. ನೀನೇ ಅಲ್ದಾ ನಮ್ಮ ಮುಖ್ಯ ಅತಿಥಿ!"

ಮೂರು ವರ್ಷಗಳ ಹಿಂದೆ ಇದೇ ತಿಂಗಳಲ್ಲಿ ಮಲ್ಲಿಕಾಳ ಎಡ ಸ್ತನವನ್ನು ತೆಗೆದಿದ್ದರು. ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ಆಮೇಲಿನಿಂದ ಪ್ರತಿ ಅಕ್ಟೋಬರಿನಲ್ಲಿ ಅವಳು ಎಲ್ಲಾದರೂ ಒಂದು ಕಡೆ ಮುಖ್ಯ ಅತಿಥಿ. ಮೊದಲ ವರ್ಷ ಕೊಪ್ಪ. ಮರುವರ್ಷ ಶೃಂಗೇರಿ, ಎನ್.ಆರ್.ಪುರ ಎರಡೂ ಕಡೆ. ಶಾಲು, ಹಾರ, ಹಣ್ಣಿನ ಬುಟ್ಟಿ, 'ಕ್ಯಾನ್ಸರ್ ಗೆದ್ದ ದಿಟ್ಟ ಮಹಿಳೆ' ಎಂದು ಕೊರೆದ ಫಲಕ. ಆ ಫಲಕಗಳನ್ನು ಗಂಡ ಜಯಪ್ರಕಾಶ್ ಟೀವಿಯ ಮೇಲಿನ ಹಲಗೆಯಲ್ಲಿ ಜೋಡಿಸಿದ್ದಾನೆ. ಅವಳು ಬೆಳಿಗ್ಗೆ ಧೂಳು ಒರೆಸುವಾಗ ಅವನ್ನು ಗೋಡೆಯ ಕಡೆ ತಿರುಗಿಸಿಡುತ್ತಾಳೆ. ಬಸರೀಕಟ್ಟೆಯ ಎಸ್ಟೇಟಿನಲ್ಲಿ ಜೀಪು ಓಡಿಸಿ ಸಂಜೆ ಮನೆಗೆ ಬಂದವನು ಮತ್ತೆ ಈಚೆಗೆ ತಿರುಗಿಸುತ್ತಾನೆ. ಇದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಿಲ್ಲ.

ಗೆದ್ದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಆರು ತಿಂಗಳಿಗೊಮ್ಮೆ ದೊಡ್ಡಾಸ್ಪತ್ರೆಯ ಸ್ಕ್ಯಾನ್ ಕೋಣೆಯ ಹೊರಗೆ ಸ್ಟೀಲ್ ಬೆಂಚಿನ ಮೇಲೆ ಕೂತು, ತನ್ನ ಹೆಸರು ಕೂಗುವುದನ್ನು ಕಾಯುವವಳಿಗೆ ಅದು ಹೇಳಲು ಬರುವ ಮಾತಲ್ಲ. ಆಟ ನಡೆಯುತ್ತಲೇ ಇದೆ. ನೋಡುವವರು ಆಗಲೇ ಎದ್ದು ಚಪ್ಪಾಳೆ ತಟ್ಟಿ ಮನೆಗೆ ಹೊರಟಿದ್ದಾರೆ.

ಈ ಕಡೆ ಹೆಂಗಸರು ಟೇಪಿನಲ್ಲಿ ಅಳತೆ ಕೊಡುವುದು ಕಡಿಮೆ. ಬಸ್‌ಸ್ಟ್ಯಾಂಡಿನ ಎದುರು ಕೈ ಎತ್ತಿ ನಿಲ್ಲುವುದು ಯಾರಿಗೂ ಇಷ್ಟವಿಲ್ಲ. ಸರಿಯಾಗಿ ಕೂರುವ ಒಂದು ಹಳೆಯ ರವಿಕೆಯನ್ನು ತಂದು, "ಇದ್ರ ಹಂಗೇ ಇರ್ಲಿ" ಎಂದು ಮೇಜಿನ ಮೇಲಿಟ್ಟು ಹೋಗುತ್ತಾರೆ. ಅದೇ ಅಳತೆ ರವಿಕೆ. ಮದುವೆಯ ಧಾರೆ ರವಿಕೆಯಾದರೆ ಜೊತೆಗೆ ಎಲೆ ಅಡಿಕೆಯೂ ಇರಬೇಕು; ತಾಯಿ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚಿ ಕೊಡಬೇಕು; ಆಮೇಲೇ ಕತ್ತರಿ. ಕಾಯಿಲೆಗೆ ಮೊದಲು, ಕಾರ್ತೀಕ ಬಂತೆಂದರೆ ಮಲ್ಲಿಕಾಳ ಮೇಜಿನ ಅಂಚು ಅರಿಶಿನದಲ್ಲಿ ಹಳದಿಯಾಗುತ್ತಿತ್ತು. ಆ ಕಲೆ ಈಗಲೂ ಇದೆ. ಮೂರು ವರ್ಷದಿಂದ ಹೊಸದು ಬಿದ್ದಿಲ್ಲ.

ಯಾರೂ ಕೆಟ್ಟ ಮಾತಾಡಿದ್ದಲ್ಲ. ಆಡಿದ್ದರೆ ಜಗಳವಾಡಬಹುದಿತ್ತು. "ನಿನ್ನ ಕೈಗೆ ಎಂತಕ್ಕೆ ತ್ರಾಸ, ಹುಷಾರಾಗು ಮೊದ್ಲು," ಎನ್ನುತ್ತಿದ್ದರು. ಸೀರೆಗೆ ಫಾಲ್ ಹಚ್ಚಲು, ಲಂಗದ ಬಾರ್ಡರ್ ಬಿಚ್ಚಲು, ಶಾಲೆಯ ಸಮವಸ್ತ್ರಕ್ಕೆ ಗುಂಡಿ ಹಾಕಲು ಅದೇ ಕೈ ಸಾಕಾಗುತ್ತಿತ್ತು. ಅವಳ ಎಡಗೈ ಊದುತ್ತದೆ, ನಿಜ. ಆ ಕೈಗೆ ಸೂಜಿ ಚುಚ್ಚಿಸಿಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದಾರೆ, ಅದೂ ನಿಜ. ಬಟ್ಟೆ ಹಿಡಿಯುವ ಕೈಗೆ ಸೂಜಿ ತಾಗದಂತೆ ಹೊಲಿಯುವುದನ್ನು ನಲವತ್ತೈದನೇ ವಯಸ್ಸಿನಲ್ಲಿ ಹೊಸದಾಗಿ ಕಲಿತಿದ್ದಾಳೆ. ಎರಡು ಬೆರಳ ತುದಿಗೆ ಎರಡು ಲೋಹದ ಅಂಗುಸ್ತಾನ ಹಾಕಿಕೊಳ್ಳುತ್ತಾಳೆ. ಮಣಿಕಟ್ಟಿನಿಂದ ತೋಳಿನವರೆಗೆ ಊತ ತಡೆಯುವ ಬಿಗಿಯಾದ ತೋಳುಗವಸು. ಸಂಜೆಗೆ ಕೈ ಹಲಸಿನ ಕಾಯಿಯಷ್ಟು ಭಾರ. ಆದರೂ ಹೊಲಿಗೆ ವಕ್ರವಾಗಿಲ್ಲ.

ಗೋಣಿಚೀಲ ಬಿಚ್ಚಿದ ದಿನ ಕೃಷ್ಣಪ್ಪ ಬಾಗಿಲಲ್ಲಿ ಇಣುಕಿದ. "ಎಂತ ಮಲ್ಲಿಕಕ್ಕ, ಅಂಗಡಿ ತುಂಬ ಗುಲಾಬಿ! ಯಾವ ಪಕ್ಷ ಸೇರ್ದೆ?"

"ನಿನ್ನ ಸುಣ್ಣದ ಡಬ್ಬಿ ಪಕ್ಷ. ಹೋಗಿ ಎಲೆ ನೋಡ್ಕೋ, ದನ ತಿಂತಾ ಉಂಟು."

ಅವನು ಓಡಿದ. ಅವಳು ರವಿಕೆಗಳನ್ನು ಒಂದೊಂದಾಗಿ ಹರಡಿದಳು. ಒಂದೊಂದಕ್ಕೂ ಹೆಸರಿನ ಚೀಟಿ. ನಡುವೆ ರಾಧಮ್ಮನ ಮಗಳು ಮೇಘನಳದೂ ಇತ್ತು. ಹಸಿರು ರವಿಕೆ, ಕೈ ಸೋಕಿದ ಕೂಡಲೇ ಗೊತ್ತಾಯಿತು, ತನ್ನದೇ ಹೊಲಿಗೆ. ಮೇಘನ ಡಿಗ್ರಿ ಮುಗಿಸಿದ ವರ್ಷ ಹೊಲಿದದ್ದು. ಆ ಹುಡುಗಿಯ ಬಾಲವಾಡಿಯ ಫ್ರಾಕಿನಿಂದ ಮೊದಲ್ಗೊಂಡು ಎಲ್ಲವನ್ನೂ ಮಲ್ಲಿಕಾಳೇ ಹೊಲಿದಿದ್ದಳು. ಹಸಿರು ರವಿಕೆ ಒಯ್ಯುವಾಗ ರಾಧಮ್ಮ ಹೇಳಿದ್ದರು: "ಇವಳ ಧಾರೆ ರವಿಕೆನೂ ನಿಂದೇ ಕೈದು. ಈಗ್ಲೇ ಹೇಳಿಟ್ಟೆ."

ಅದರ ಕುತ್ತಿಗೆಗೆ ಇನ್ನೊಂದು ಚೀಟಿ ಪಿನ್ ಮಾಡಿತ್ತು. ತೆಗೆಯಲು ಮರೆತಿದ್ದರು. ಶಿವಮೊಗ್ಗದ ಯಾವುದೋ ಹೊಲಿಗೆ ಅಂಗಡಿಯದು. 'ಮೇಘನ. ಧಾರೆ ರವಿಕೆ. ಅಳತೆಯಂತೆ. ನವೆಂಬರ್ 10ರೊಳಗೆ.'

ಮಲ್ಲಿಕಾ ಚೀಟಿಯನ್ನು ಎರಡು ಸಲ ಓದಿದಳು. ಮೇಘನಳ ಮದುವೆ ಎನ್.ಆರ್.ಪುರದ ಕಡೆಯ ಹುಡುಗನೊಂದಿಗೆ ಗೊತ್ತಾಗಿದೆಯೆಂದು ಅವಳಿಗೆ ತಿಳಿದಿತ್ತು. ಬಟ್ಟೆ ಬರುತ್ತದೆಂದು ಆಷಾಢ ಕಳೆದ ದಿನದಿಂದ ಕಾಯುತ್ತಿದ್ದಳು. ಆ ಒಂದು ರವಿಕೆ ತನ್ನ ಕೈಗೆ ಬಂದರೆ, ರಾಧಮ್ಮನ ಮನೆಯದೇ ಬಂದರೆ, ಉಳಿದವರೂ ತರುತ್ತಾರೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದಳು. ಈಗ ಅದು ಶಿವಮೊಗ್ಗದಲ್ಲಿ, ತಾನು ಹೊಲಿದ ರವಿಕೆಯಿಂದಲೇ ತೆಗೆದುಕೊಂಡ ಅಳತೆಯಲ್ಲಿ ಸಿದ್ಧವಾಗುತ್ತಿತ್ತು.

ಸಂಜೆ ಜಯಪ್ರಕಾಶನಿಗೆ ಚೀಟಿ ತೋರಿಸಿದಳು. "ನನ್ನ ಅಳತೆ ಬೇಕು. ನನ್ನ ಕೈ ಬೇಡ."

"ಬಿಡು ಮಾರಾಯ್ತಿ. ಜೀವ ಉಳೀತಲ್ಲ, ಅಷ್ಟು ಸಾಲ್ದಾ?"

"ಉಳಿದದ್ದು ಎಂತಕ್ಕೆ? ಗುಂಡಿ ಹಾಕಕ್ಕಾ?"

ಅವನು ಎದ್ದು ಹೋಗಿ ಫಲಕಗಳನ್ನು ಈಚೆಗೆ ತಿರುಗಿಸಿದ. ಅವಳಿಗೆ ಕೈಗೆ ಸಿಕ್ಕಿದ ಲೋಟವನ್ನು ಎಸೆಯಬೇಕೆನಿಸಿತು. ಎಸೆಯಲಿಲ್ಲ, ತೊಳೆದಿಟ್ಟಳು.

ಮರುದಿನದಿಂದ ಹದಿನೈದು ದಿನ ಗುಲಾಬಿ ಬಣ್ಣ. ಕಣ್ಣು ಮುಚ್ಚಿದರೂ ಅದೇ. ಬೆಳಿಗ್ಗೆ ಫೋನಿಗೆ ಬರುವ ಶುಭಾಶಯಗಳಲ್ಲೂ ಗುಲಾಬಿ ರಿಬ್ಬನ್ನು, ಗುಲಾಬಿ ಹೂವು, 'ನಗುವೇ ಔಷಧ.' ಮೇಘನಳ ಗುಲಾಬಿ ರವಿಕೆ ಕತ್ತರಿಸುವಾಗ ಮಲ್ಲಿಕಾ ಒಂದು ಕ್ಷಣ ತಡೆದಳು. ಶೃಂಗೇರಿಯ ಕಾಲೇಜಿನಲ್ಲಿ ಪಾಠ ಮಾಡುವ ಆ ಹುಡುಗಿ ದಿನಾ ಎದುರಿನ ಬಸ್‌ಸ್ಟ್ಯಾಂಡಿನಲ್ಲೇ ಬಸ್ಸು ಹತ್ತುತ್ತಾಳೆ. ಹಸಿರು ರವಿಕೆ ಹೊಲಿದಾಗಿನ ಮೈ ಅಲ್ಲ ಅದು. ತೋಳು, ಕಂಕುಳು ತುಂಬಿಕೊಂಡಿವೆ. ಅಳತೆಯನ್ನು ಪಕ್ಕಕ್ಕೆ ಸರಿಸಿ, ಕಣ್ಣಂದಾಜಿನಲ್ಲಿ ಮುಕ್ಕಾಲು ಇಂಚು ಹೆಚ್ಚು ಬಿಟ್ಟು ಕತ್ತರಿಸಿದಳು. ಹಳೆಯ ಅಳತೆಗೆ ಹೊಲಿದರೆ ಧಾರೆ ರವಿಕೆ ಬಿಗಿಯಾಗುತ್ತದೆಂದು ಹೇಳಬೇಕೆ? ಯಾರಿಗೆ? ಶಿವಮೊಗ್ಗದ ಹೊಲಿಗೆಗೆ ಅವಳ ಕಣ್ಣಂದಾಜು ಯಾರೂ ಕೇಳಿರಲಿಲ್ಲ. ಸಿಟ್ಟಿನಲ್ಲಿ ಸುಮ್ಮನಾದಳು. ಸುಮ್ಮನಾದದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

ಕೊನೆಗೆ ತನ್ನದು. ತನ್ನ ರವಿಕೆಗೆ ಅಳತೆ ರವಿಕೆಯಿಲ್ಲ. ಹಳೆಯವು ಎಡಕ್ಕೆ ಜೋಲುತ್ತವೆ. ಒಳಗೊಂದು ಜೇಬು ಹೊಲಿದು, ಅದರಲ್ಲೊಂದು ಬಟ್ಟೆಯ ಚೀಲ ಇಟ್ಟುಕೊಳ್ಳುತ್ತಾಳೆ. ಮೊದಲು ಅವ್ವ ಗುಡ್ಡಮ್ಮ ಬೂರುಗದ ಹತ್ತಿ ತಂದುಕೊಟ್ಟಿದ್ದಳು. ಹಗುರವಾಯಿತು, ಕೈ ಎತ್ತಿದಾಗೆಲ್ಲ ಕೊರಳಿನ ಕಡೆಗೆ ಏರುತ್ತಿತ್ತು. "ಹಕ್ಕಿ ಮರಿ ಸಾಕಿದಂಗಾತಲ್ಲೇ!" ಎಂದು ಗುಡ್ಡಮ್ಮ ನಕ್ಕಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಮಲ್ಲಿಕಾ ಮೊದಲು ನಕ್ಕದ್ದು ಅಂದೇ. ಈಗ ಸಾಸಿವೆ ತುಂಬುತ್ತಾಳೆ. ಸಾಸಿವೆಗೆ ತೂಕವಿದೆ, ಮೈಯ ಬಿಸಿ ಹಿಡಿಯುತ್ತದೆ, ಮಲಗಿದರೆ ಪಕ್ಕಕ್ಕೆ ಸರಿಯುತ್ತದೆ. ಇಷ್ಟು ಸರಿಯಾಗಿ ಕೂರಿಸಿದ್ದನ್ನು ಹೊಗಳುವವರು ಯಾರೂ ಇಲ್ಲ, ಏಕೆಂದರೆ ಸರಿಯಾಗಿ ಕೂತದ್ದು ಯಾರಿಗೂ ಕಾಣುವುದಿಲ್ಲ.

ಜಾಥಾದ ದಿನ ಕೊಪ್ಪದ ಸಭಾಭವನದ ಹಿಂದಿನ ಕೋಣೆಯಲ್ಲಿ ರಾಧಮ್ಮ ಅವಳ ಸೀರೆಗೆ ರಿಬ್ಬನ್ ಚುಚ್ಚಲು ಬಂದರು. ಪಿನ್ನು ಎಡಗಡೆ ಹಿಡಿದವರು ಗಾಬರಿಯಾಗಿ ಕೈ ಹಿಂದೆಳೆದರು. "ಅಯ್ಯೋ, ಇಲ್ಲಿ ಚುಚ್ಬಹುದಾ?"

"ಚುಚ್ಚಿ. ಅಲ್ಲಿರೋದು ಸಾಸಿವೆ."

ರಾಧಮ್ಮ ನಗಬೇಕೋ ಬೇಡವೋ ತಿಳಿಯದೆ ನಿಂತರು. ಮಲ್ಲಿಕಾ ಪರ್ಸಿನಿಂದ ಚೀಟಿ ತೆಗೆದು ಅವರ ಕೈಗಿಟ್ಟಳು. "ಇದು ನಿಮ್ದು. ಮೇಘನಳ ರವಿಕೆಯಲ್ಲೇ ಉಳಿದಿತ್ತು."

ರಾಧಮ್ಮನ ಮುಖ ಕೆಂಪಾಯಿತು. "ನಿನ್ನ ಕೈಗೆ ತ್ರಾಸ ಆಗ್ಬಾರ್ದು ಅಂತ ಮಲ್ಲಿಕಾ..."

"ಹೊರಗೆ ನಲವತ್ತು ಜನ ಹಾಕ್ಕೊಂಡು ನಿಂತಿದಾರಲ್ಲ, ಅದು ಯಾವ ಕೈಲಿ ಹೊಲ್ದಿದ್ದು?"

"ಬೀಗರ ಕಡೆಯವರು ಒಂಥರಾ..."

"ಬೀಗರಿಗೆ ನಾನು ಯಾರು ಅಂತ ಗೊತ್ತುಂಟಾ?"

ರಾಧಮ್ಮ ಕುರ್ಚಿಯ ಮೇಲೆ ಕೂತರು. ಹೊರಗೆ ಮೈಕು ಪರೀಕ್ಷಿಸುತ್ತಿದ್ದರು. "ಹೆದರಿಕೆ ಕಣೆ," ಎಂದರು ಮೆಲ್ಲಗೆ. "ಸುಳ್ಳು ಹೇಳಲ್ಲ. ಒಬ್ಳೇ ಮಗಳು. ಅದು ಅಂಟುಜಾಡ್ಯ ಅಲ್ಲ ಅಂತ ಐದು ಸ್ಕೂಲಲ್ಲಿ ನಾನೇ ಭಾಷಣ ಮಾಡಿದೀನಿ. ಆದ್ರೂ ಧಾರೆ ಬಟ್ಟೆ ಕೈಲಿ ಹಿಡ್ಕೊಂಡಾಗ ನಿನ್ನ ಅಂಗಡಿಗೆ ಬರಕ್ಕೆ ಕಾಲು ಏಳ್ಲಿಲ್ಲ."

ಮಲ್ಲಿಕಾಳಿಗೆ ಸುಳ್ಳಿಗೆ ಕೊಡಲು ಹತ್ತು ಉತ್ತರ ಸಿದ್ಧವಿದ್ದವು. ಇದು ಸುಳ್ಳಲ್ಲ; ಅವಳು ಅವರ ಕೈಯಿಂದ ಪಿನ್ನು ತೆಗೆದುಕೊಂಡು ರಿಬ್ಬನನ್ನು ತಾನೇ ಚುಚ್ಚಿಕೊಂಡಳು. ಅಷ್ಟರಲ್ಲಿ ವೇದಿಕೆಯಿಂದ ಅವಳ ಹೆಸರು ಕೂಗಿದರು.

ಶಾಲು ಹೊದಿಸಿದರು. ಫಲಕ ಕೊಟ್ಟರು. ಫೋಟೋದವನು "ಸ್ವಲ್ಪ ನಗಿ ಮೇಡಂ" ಎಂದ. ಮೈಕು ಕೈಗೆ ಬಂತು. ಪ್ರತಿ ವರ್ಷ ಅವಳು ಡಾಕ್ಟರಿಗೆ, ದೇವರಿಗೆ, ಮಂಡಳಿಗೆ ಧನ್ಯವಾದ ಹೇಳಿ ಇಳಿಯುತ್ತಿದ್ದಳು.

"ನಾನು ಟೈಲರ್," ಎಂದಳು. "ಸುತ್ತ ಹತ್ತೂರಿನ ಹೆಂಗಸ್ರ ಅಳತೆ ನಂಗೆ ಬಾಯಿಪಾಠ. ನಂದೊಂದನ್ನ ನಾನು ನೋಡ್ಕೊಳ್ಳಲಿಲ್ಲ. ಎಡಗಡೆ ಟಕ್ಸ್, ಎದೆ ಮೇಲಿನ ಮಡಿಕೆ ಹೊಲಿಗೆ, ಎಳೀತಿತ್ತು. ದಾರ ಸರಿಯಿಲ್ಲ ಅಂತ ಎಂಟು ತಿಂಗಳು ದಾರಕ್ಕೆ ಬೈದೆ. ನೀವು ಹಂಗೆ ಮಾಡ್ಬೇಡಿ."

ಚಪ್ಪಾಳೆ. ಅವಳು ಕಾದಳು.

"ಇನ್ನೊಂದು. ಮೂರು ವರ್ಷದಿಂದ ನಂಗೆ ಯಾರೂ ಮದುವೆ ರವಿಕೆ ಕೊಟ್ಟಿಲ್ಲ. ಇವತ್ತು ನೀವು ಹಾಕಿರೋ ನಲವತ್ತೂ ನಾನೇ ಹೊಲ್ದಿದ್ದು. ಜಾಥಾಕ್ಕೆ ಆಗೋ ಕೈ ಮದುವೆಗೆ ಎಂತಕ್ಕೆ ಆಗಲ್ಲ? ಯಾರಾದ್ರೂ ಹೇಳಿ."

ಮುಂದಿನ ಸಾಲಿನ ಹೆಂಗಸೊಬ್ಬರು ತಮ್ಮ ತೋಳಿನ ಹೊಲಿಗೆಯನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕೈ ತಟ್ಟಿದರು. ಅದು ಮುಂದೆ ಮುಂದೆ ಬಂತು. ಎಲ್ಲರೂ ತಟ್ಟಿದರು. "ಎಂಥಾ ಆತ್ಮವಿಶ್ವಾಸ! ಇನ್ನೂ ಜೋರಾಗಿ!" ಎಂದಳು ನಿರೂಪಕಿ. ಪ್ರಶ್ನೆ ಕೇಳಿದವಳಿಗೆ ಉತ್ತರದ ಬದಲು ಚಪ್ಪಾಳೆ ಸಿಕ್ಕಿತು. ಅದರೊಳಗೆ ಅವಳು ಇನ್ನೊಂದು ಮಾತು ಹೇಳಿದಳು. ಅದು ಯಾರಿಗೂ ಕೇಳಿಸಲಿಲ್ಲ.

ಈ ಸಲದ ಫಲಕವನ್ನು ಮನೆಗೆ ಒಯ್ಯಲಿಲ್ಲ. ಅಂಗಡಿಯಲ್ಲೇ ಇಟ್ಟುಕೊಂಡಳು. ಬಟ್ಟೆ ಕತ್ತರಿಸುವಾಗ ಜಾರದಂತೆ ಮೇಲೆ ಹೇರಲು ಒಳ್ಳೆಯ ತೂಕವಿತ್ತು.

ದೀಪಾವಳಿ ಕಳೆಯಿತು. ಮದುವೆಗೆ ಒಂದು ವಾರ ಇರುವಾಗ ಮೇಘನ ಬಸ್ಸಿನಿಂದ ಇಳಿದವಳು ನೇರ ಅಂಗಡಿಯೊಳಗೆ ಬಂದಳು. ಬ್ಯಾಗಿನಿಂದ ಕುಂಕುಮ ಬಣ್ಣದ ರೇಷ್ಮೆ ರವಿಕೆ ತೆಗೆದಳು.

"ಮಲ್ಲಿಕಕ್ಕ, ಹುಕ್ಕೇ ಕೂರಲ್ಲ. ಕೈ ಎತ್ತಕ್ಕೇ ಆಗಲ್ಲ. ನೀವು ಹೊಲ್ದ ಗುಲಾಬಿದು ಮಾತ್ರ ಕರೆಕ್ಟಾಗಿದೆ, ಇದ್ಯಾಕೆ ಹಿಂಗೆ? ಅಳತೆ ಒಂದೇ ಅಲ್ವಾ?"

"ಅಳತೆ ಒಂದೇ. ನೀನು ಒಂದೇ ಇಲ್ಲ."

ಮಲ್ಲಿಕಾ ರವಿಕೆಯನ್ನು ಮಗುಚಿ ಒಳಗಿನ ಹೊಲಿಗೆ ನೋಡಿದಳು. ಅವಳಾಗಿದ್ದರೆ ಮುಂದೆ ಬಿಚ್ಚಲು ಬರುವಂತೆ ಎರಡು ಬೆರಳು ಬಟ್ಟೆ ಒಳಗೆ ಬಿಡುತ್ತಿದ್ದಳು. ಇಲ್ಲಿ ಒಂದು ದಾರದಷ್ಟೂ ಇರಲಿಲ್ಲ. "ಕಂಕುಳಲ್ಲಿ ಪಟ್ಟಿ ಕೊಡ್ಬೇಕು. ಇದೇ ರೇಷ್ಮೆ ಬೇಕು. ಸೀರೆಯ ಒಳಸುತ್ತಿಂದ, ಉಟ್ಟಾಗ ಕಾಣದ ಕಡೆಯಿಂದ, ಕತ್ತರಿಸ್ಬೇಕಾಗತ್ತೆ."

"ಧಾರೆ ಸೀರೆನಾ? ನಾಳೆ ತರ್ತೀನಿ. ಅಮ್ಮಂಗೆ ಮಾತ್ರ ಹೇಳ್ಬೇಡಿ."

ಮಲ್ಲಿಕಾ ರವಿಕೆಯನ್ನು ಮಡಿಸಿ ಅವಳ ಕೈಗೆ ವಾಪಸ್ ಕೊಟ್ಟಳು. "ಕದ್ದು ಹೊಲಿಯಲ್ಲ ಕೂಸು. ಸೀರೆ ನಿನ್ನ ಅಮ್ಮನೇ ತರ್ಬೇಕು."

"ತರದೇ ಇದ್ರೆ?"

"ಸೇಫ್ಟಿ ಪಿನ್ ಹಾಕ್ಕೋ. ಸೆರಗು ಮುಚ್ಚತ್ತೆ."

ಹುಡುಗಿಯ ಕಣ್ಣಲ್ಲಿ ನೀರು ಬಂತು. ಅವಳು ಹೋದ ಮೇಲೆ ಮಲ್ಲಿಕಾ ಕೂತಲ್ಲೇ ಕೂತಳು. ಆ ಮಾತು ತಾಯಿಗೆ ಹೇಳಬೇಕಾದದ್ದು, ಮಗಳಿಗೆ ತಾಗಿತ್ತು. ಎರಡು ದಿನ ಯಾರೂ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮೇಘನ ಈ ಕಡೆ ತಿರುಗಿ ನೋಡಲಿಲ್ಲ. ಬೇರೆ ಯಾರಾದರೂ ಪಟ್ಟಿ ಕೊಟ್ಟಿರಬಹುದು. ಕೊಟ್ಟಿದ್ದರೆ ಸುಕ್ಕು ಬರುತ್ತದೆ. ಮಲ್ಲಿಕಾಳಿಗೆ ರಾಧಮ್ಮನ ಹೆದರಿಕೆಗಿಂತ ಆ ಸುಕ್ಕಿನ ಯೋಚನೆಯೇ ಹೆಚ್ಚಾಗಿ ಕಾಡಿತು. ಬೇಡವೆಂದವರ ಬಟ್ಟೆಗೆ ಸುಕ್ಕು ಬಂದರೆ ತನಗೇನು? ಆದರೂ ಕೈಗೆ ಸಮಾಧಾನವಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ರಾಧಮ್ಮನ ಕಾರು ಬಂದು ನಿಂತಿತು. ರವಿಕೆಯನ್ನೂ ಸೀರೆಯನ್ನೂ ಮೇಜಿನ ಮೇಲಿಟ್ಟು ಅವರು ರಸ್ತೆಯ ಕಡೆ ನೋಡುತ್ತ ನಿಂತರು. "ಬೇಗ ಆಗತ್ತಾ?"

"ಎಲೆ ಅಡಿಕೆ?"

"ಇದು ಬರೀ ರಿಪೇರಿ ಅಲ್ದಾ ಮಲ್ಲಿಕಾ."

"ಧಾರೆ ಸೀರೆಗೆ ಕತ್ತರಿ ಹಾಕ್ತಿದೀನಿ. ರಿಪೇರಿ ಆದ್ರೆ ಶಿವಮೊಗ್ಗದಲ್ಲೇ ಮಾಡ್ತಾರೆ, ಅಲ್ಲಿಗೇ ಕಳ್ಸಿ."

ಪಕ್ಕದ ಅಂಗಡಿಯಲ್ಲಿ ಕೃಷ್ಣಪ್ಪ ಎಲೆ ಒರೆಸುವುದನ್ನು ನಿಲ್ಲಿಸಿದ್ದು ಗೊತ್ತಾಗುತ್ತಿತ್ತು. ರಾಧಮ್ಮ ಆ ಕಡೆ ಒಮ್ಮೆ ನೋಡಿದರು. ಆಮೇಲೆ ಕೈಚೀಲದ ಜಿಪ್ ಎಳೆದರು. ಒಳಗೆ ಎಲೆ, ಅಡಿಕೆ, ಅರಿಶಿನದ ಪೊಟ್ಟಣ ಎಲ್ಲ ಇದ್ದವು. ಮನೆಯಿಂದಲೇ ತಂದಿದ್ದರು, ತೆಗೆಯಲು ಆಗಿರಲಿಲ್ಲ ಅಷ್ಟೇ. ಬೆರಳಿನಿಂದ ಸೀರೆಯ ಮೂಲೆಗೆ ಅರಿಶಿನ ಹಚ್ಚಿದರು. ಮೇಜಿನ ಮೇಲೂ ಸ್ವಲ್ಪ ಉದುರಿತು.

ಮಲ್ಲಿಕಾ ಸೀರೆಯ ಒಳಸುತ್ತನ್ನು ಹರಡಿದಳು. ಜಾರುವ ರೇಷ್ಮೆಯ ಮೇಲೆ ಫಲಕವನ್ನು ಇಟ್ಟಳು. ಎಡಗೈಯ ಎರಡು ಬೆರಳಿಗೆ ಅಂಗುಸ್ತಾನ ಸಿಕ್ಕಿಸಿಕೊಂಡು, ಸೀಮೆಸುಣ್ಣದ ಗೆರೆ ಎಳೆದು, ಕತ್ತರಿ ತೆಗೆದಳು. ತಲೆ ಎತ್ತಿದರೆ ರಾಧಮ್ಮ ಕಣ್ಣು ಮುಚ್ಚಿಕೊಂಡಿದ್ದರು.

"ಕಣ್ಣು ಬಿಡಿ."

"ನೀನು ಮಾಡು ಮಾರಾಯ್ತಿ, ನಾನು..."

"ನೀವು ನೋಡ್ದೇ ಕತ್ತರಿ ಹಾಕಲ್ಲ."

ಅವರು ಕಣ್ಣು ಬಿಟ್ಟರು. ಕತ್ತರಿ ಗೆರೆಯುದ್ದಕ್ಕೂ ಹೋಯಿತು. ಎರಡು ಬೆರಳಗಲದ ಪಟ್ಟಿ ಬೇರೆಯಾಗಿ ಬಂತು. ಹೊರಗೆ ಎನ್.ಆರ್.ಪುರದ ಬಸ್ಸು ಹಾರ್ನ್ ಹಾಕಿತು. ಇನ್ನೇನೂ ಆಗಲಿಲ್ಲ.

"ಆತಾ?" ಎಂದರು ರಾಧಮ್ಮ.

"ಎಂತ ಆಗ್ಬೇಕಿತ್ತು?"

ಮಲ್ಲಿಕಾ ಅವರಿಗೆ ಬೆನ್ನು ಹಾಕಿ ಯಂತ್ರದ ಮುಂದೆ ಕೂತಳು. ಇದಕ್ಕಾಗಿ ಮೂರು ವರ್ಷ ಕಾದಿದ್ದಳು. ಕುಣಿಯುವಷ್ಟು ಸಂತೋಷವಾಗುತ್ತದೆ ಎಂದುಕೊಂಡಿದ್ದಳು. ಈಗ ಅದು ಬೇಡಿ ತೆಗೆದುಕೊಂಡ ಊಟದ ಹಾಗಿತ್ತು. ಹೊಲಿಗೆ ಮಾತ್ರ ನೆಟ್ಟಗಿತ್ತು.

ಮದುವೆಗೆ ಕರೆ ಬಂದಿತ್ತು. ಅವಳು ಹೋಗಲಿಲ್ಲ, ಅಂದೇ ಅವಳ ಸ್ಕ್ಯಾನಿನ ದಿನ. ಸ್ಟೀಲ್ ಬೆಂಚಿನ ಮೇಲೆ ಹೆಸರು ಕೂಗುವುದನ್ನು ಕಾಯುತ್ತಿರುವಾಗ ಫೋನು ಸದ್ದು ಮಾಡಿತು. ರಾಧಮ್ಮ ಫೋಟೋ ಕಳಿಸಿದ್ದರು, ಮಾತೇನೂ ಬರೆದಿರಲಿಲ್ಲ. ಮೇಘನ ಎರಡೂ ಕೈ ಎತ್ತಿ ಗಂಡಿನ ಕೊರಳಿಗೆ ಹಾರ ಹಾಕುತ್ತಿದ್ದಳು.

"ಯಾರ್ದು?" ಎಂದ ಪಕ್ಕದಲ್ಲಿ ಕೂತಿದ್ದ ಜಯಪ್ರಕಾಶ್.

ಅವಳು ಫೋನನ್ನು ಅವನಿಗೂ ಕಾಣುವಂತೆ ಹಿಡಿದಳು. ಈ ಕಾರ್ತೀಕದಲ್ಲಿ ಬೇರೆ ಯಾವ ಮದುವೆಯ ಬಟ್ಟೆಯೂ ಅಂಗಡಿಗೆ ಬಂದಿರಲಿಲ್ಲ. ಬರುತ್ತದೋ ಇಲ್ಲವೋ ಗೊತ್ತಿಲ್ಲ. ಎರಡು ಬೆರಳಿನಿಂದ ಫೋಟೋವನ್ನು ದೊಡ್ಡದು ಮಾಡಿದಳು. ಹುಡುಗಿಯ ಮುಖ, ಹಾರ, ಗಂಡು ಎಲ್ಲ ಅಂಚಿನಾಚೆ ಸರಿದುಹೋಗಿ, ಎತ್ತಿದ ತೋಳಿನ ಕೆಳಗಿನ ಕುಂಕುಮ ಬಣ್ಣ ಮಾತ್ರ ಉಳಿಯಿತು.

"ಸುಕ್ಕು ಇಲ್ಲ," ಎಂದಳು.

ಒಳಗಿನಿಂದ ಅವಳ ಹೆಸರು ಕೂಗಿದರು.